ಹನ್ನೊಂದನೇ ಕಂಬದ ಗೆರೆಗಳು

ಯಾಕಕ್ಕನಿಗೆ ಆ ಅಡ್ಡಹೆಸರು ಬಂದದ್ದು ಅವಳ ಬಾಯಿಂದಲೇ. ಉಕ್ಕಿನ ಕಟ್ಟಡಗಳ ಕಂಬ ತೊಲೆಗಳನ್ನು ತಯಾರಿಸುವ ಶೆಡ್ಡಿಗೆ ಕೆಲಸಕ್ಕೆ ಸೇರಿದ ಮೊದಲ ವಾರದಲ್ಲೇ ಅವಳು ಎದುರಿಗೆ ಸಿಕ್ಕವರನ್ನೆಲ್ಲ ಕೇಳಿ ಕೇಳಿ ಸುಸ್ತು ಮಾಡಿದ್ದಳು. ಈ ತೂತು ದುಂಡಗಿರದೆ ಉದ್ದಕ್ಕೆ ಯಾಕಿದೆ? ಬೆಸುಗೆಯನ್ನು ಒಂದೇ ಸಮನೆ ಎಳೆದುಕೊಂಡು ಹೋಗದೆ ಅಲ್ಲಿಷ್ಟು ಇಲ್ಲಿಷ್ಟು ಯಾಕೆ ಹಾಕುತ್ತೀರಿ? ತೊಲೆಯ ನಡು ಕೊಂಚ ಮೇಲಕ್ಕೆ ಬಾಗಿದೆಯಲ್ಲ, ಅದು ತಪ್ಪೋ, ಬೇಕೆಂದೇ ಮಾಡಿದ್ದೋ? ಮೊದಮೊದಲು ಬೆಸುಗೆಯವರು ‘ನಿನ್ನ ಕೆಲಸ ನೋಡು’ ಎಂದು ಗದರಿದರು. ಇವಳ ಪ್ರಶ್ನೆಗೆ ಉತ್ತರ ಹುಡುಕಹೋಗಿ ತಮ್ಮದೇ ಎರಡು ತಪ್ಪುಗಳು ಸಮಯಕ್ಕೆ ಸರಿಯಾಗಿ ಸಿಕ್ಕಿಬಿದ್ದ ಮೇಲೆ ಗದರುವುದನ್ನು ಬಿಟ್ಟರು. ಹೆಸರು ಮಾತ್ರ ಅಂಟಿಕೊಂಡಿತು.

ಈಗ ಅವಳಿಗೆ ನಲವತ್ತೊಂಬತ್ತು. ಗುರುತು ಹಾಕುವ ಕೆಲಸಕ್ಕೆ ಶೆಡ್ಡಿನಲ್ಲಿ ಅವಳೇ ಹಿರಿಯಳು. ನಕ್ಷೆ ಓದಿ, ಉಕ್ಕಿನ ಮೇಲೆ ಸೀಮೆಸುಣ್ಣದ ಗೆರೆ ಎಳೆದು, ಗೆರೆಯುದ್ದಕ್ಕೂ ಸಣ್ಣ ಚುಕ್ಕಿ ಹೊಡೆದು, ಇಲ್ಲಿ ಕತ್ತರಿಸಿ, ಇಲ್ಲಿ ಕೊರೆಯಿರಿ ಎಂದು ತೋರಿಸಿಕೊಡಬೇಕು. ಅವಳ ಗೆರೆ ಒಂದು ಬೆರಳು ಆಚೀಚೆಯಾದರೆ ಕೆಳಗೆ ಕತ್ತರಿಸುವವನಿಂದ ಹಿಡಿದು ಮೇಲೆ ಬೋಲ್ಟು ಬಿಗಿಯುವವನವರೆಗೆ ಎಲ್ಲರೂ ತಲೆ ಮೇಲೆ ಕೈ ಹೊತ್ತು ಕೂರಬೇಕು.

ಒಂದು ಬುಧವಾರ ಶೆಡ್ಡಿನ ಯಜಮಾನರು ಅವಳನ್ನು ಕರೆದರು. ಮೊದಲು ಒಪ್ಪಿಕೊಂಡು ಆಮೇಲೆ ಯೋಚನೆ ಮಾಡುವವರ ಪೈಕಿ ಅವರು.

“ಹಳೇ ಧಾನ್ಯದ ಗೋದಾಮು ಗೊತ್ತಲ್ಲ? ಜಾಗ ರಸ್ತೆಗೆ ಹೋಗ್ತಿದೆ. ಮಾಲಕಿ ಅದರ ಕಂಬ, ಚಾವಣಿ ಎಲ್ಲಾನೂ ಬಿಚ್ಚಿ ಹೊಸ ಜಾಗದಲ್ಲಿ ನಿಲ್ಲಿಸಿಕೊಡಿ ಅಂತಿದಾರೆ. ಹೂಂ ಅಂದಿದೀನಿ. ನೀನು ಹೋಗಿ ಅಳತೆ ತಗೋ, ಒಂದೊಂದಕ್ಕೂ ನಂಬರ್ ಹಾಕು. ಸೋಮವಾರ ಕ್ರೇನ್ ಬರತ್ತೆ.”

“ನಕ್ಷೆ ಕೊಡಿ.”

“ನಕ್ಷೆ ಇಲ್ಲ.”

“ಯಾಕಿಲ್ಲ?”

“ಶುರುವಾಯ್ತು ನೋಡು,” ಎಂದು ಯಜಮಾನರು ನಕ್ಕರು. “ಅರುವತ್ತು ವರ್ಷದ ಹಿಂದಿನ ಕಟ್ಟಡ ಕಣೆ. ಇಲಿ ತಿಂದಿರಬೇಕು. ನೀನೇ ಬರಿ.”

ಜೊತೆಗೆ ಜೋಡಣೆಯ ಕೆಲಸದ ಉದ್ದಣ್ಣನನ್ನು ಕರೆದುಕೊಂಡು ಅವಳು ಹೊರಟಳು. ಉದ್ದಣ್ಣ ಅವಳ ಭುಜದಷ್ಟು ಎತ್ತರವೂ ಇರಲಿಲ್ಲ. ಶೆಡ್ಡಿನವರ ಕುಚೋದ್ಯದಿಂದ ಆ ಹೆಸರು ಹುಟ್ಟಿತ್ತು. ಏಣಿ ಹತ್ತುವುದರಲ್ಲಿ ಮಾತ್ರ ಅವನನ್ನು ಮೀರಿಸುವವರಿರಲಿಲ್ಲ.

ಗೋದಾಮು ಖಾಲಿಯಾಗಿತ್ತು. ಹದಿನಾರು ಉಕ್ಕಿನ ಕಂಬಗಳು, ಎಂಟೆಂಟರ ಎರಡು ಸಾಲು. ಎದುರುಬದುರು ಕಂಬಗಳ ತಲೆಯ ಮೇಲೆ ಒಂದೊಂದು ಟ್ರಸ್ಸು, ಅಂದರೆ ತ್ರಿಕೋನದ ಉಕ್ಕಿನ ಚೌಕಟ್ಟು, ಅದರ ಮೇಲೆ ತಗಡಿನ ಚಾವಣಿ. ನೆಲದಲ್ಲಿ ಮೂಟೆಗಳು ಕೂತು ಕೂತು ಸವೆದ ಚೌಕಗಳು. ಗಾಳಿಯಲ್ಲಿ ಇನ್ನೂ ಗೋಣಿಯ ವಾಸನೆ. ಎತ್ತರದ ಕಿಟಕಿಗಳಿಂದ ಬಿಸಿಲು ಓರೆಯಾಗಿ ಇಳಿದು, ಧೂಳನ್ನು ತೋರಿಸುತ್ತ ನಿಂತಿತ್ತು.

ಮೂರನೇ ಕಂಬದ ಹೊತ್ತಿಗೆ ಯಾಕಕ್ಕನ ತಲೆಯಲ್ಲಿ ಹುಳ ಹೊಕ್ಕಿತು. ಪ್ರತಿ ಕಂಬಕ್ಕೂ ಮೊಣಕಾಲಿನೆತ್ತರದಲ್ಲಿ ಎರಡು ಕಡೆ ಹೊರಕ್ಕೆ ಮುಂದುವರಿದ ಒಂದೊಂದು ಗಟ್ಟಿ ಉಕ್ಕಿನ ಚಾಚು ಬೆಸೆದಿತ್ತು, ಸಣ್ಣ ಮಣೆಯಷ್ಟು ಅಗಲ. ಅಂಥದ್ದೇ ಎರಡು ಚಾಚುಗಳು ಮೇಲೆ, ಕೈ ಎತ್ತಿದರೂ ನಿಲುಕದಷ್ಟು ಎತ್ತರದಲ್ಲಿದ್ದವು. ಅವುಗಳ ಮೇಲೆ ಏನೂ ಕೂತಿರಲಿಲ್ಲ, ಅವಕ್ಕೆ ಏನೂ ತಗುಲಿರಲಿಲ್ಲ.

“ಇದು ಯಾಕೆ ಉದ್ದಣ್ಣ?”

“ಅಟ್ಟ ಕಟ್ಟೋಕೆ ಇರಬೇಕು ಅಕ್ಕ.”

“ಮೊಣಕಾಲೆತ್ತರದಲ್ಲಿ ಯಾರು ಅಟ್ಟ ಕಟ್ತಾರೆ? ಕೋಳಿ ಸಾಕೋಕಾ?”

ಅವಳು ಕುಕ್ಕರಗಾಲಲ್ಲಿ ಕೂತು ಕೆಳಗಿನ ಚಾಚಿನ ಮೇಲ್ಮೈಯನ್ನು ಕೈಯಿಂದ ಒರೆಸಿದಳು. ಬಣ್ಣದ ಅಡಿಯಲ್ಲಿ ಬೆರಳಿಗೆ ಒಂದು ದುಂಡನೆಯ ತಗ್ಗು ಸಿಕ್ಕಿತು, ಊಟದ ಬಟ್ಟಲಿನಷ್ಟು ಅಗಲದ್ದು. ಉದ್ದಣ್ಣನನ್ನು ಏಣಿ ಹತ್ತಿಸಿ ಮೇಲಿನ ಚಾಚಿನ ತಳವನ್ನು ತಡವಿ ನೋಡಲು ಹೇಳಿದಳು.

“ಇಲ್ಲೂ ಒಂದು ಗುಂಡು ಗುರುತು ಇದೆ ಅಕ್ಕ. ಸಣ್ಣದು. ನಾಣ್ಯದಷ್ಟು.”

ಕೆಳಗೆ ಬಟ್ಟಲು, ಮೇಲೆ ನಾಣ್ಯ. ಕೆಳಗೆ ಅಗಲವಾದ ಪಾದ, ಮೇಲೆ ಸಣ್ಣ ತಲೆ. ಉದ್ದಣ್ಣ ಏಣಿಯ ಮೇಲೆಯೇ ನಿಂತು ಗೊಣಗಿದ: “ಜಾಕು ಇಟ್ಟ ಹಾಗಿದೆಯಲ್ಲ.”

ಲಾರಿಯ ಚಕ್ರ ಬಿಚ್ಚುವಾಗ ಕೆಳಗಿಟ್ಟು ತಿರುಗಿಸುವ ಜಾಕು ಎಲ್ಲರಿಗೂ ಗೊತ್ತು. ಆದರೆ ಏಳಡಿ ಅಂತರದ ನಡುವೆ ಹಿಡಿಯುವ ಜಾಕನ್ನು ಯಾರೂ ಕಂಡಿರಲಿಲ್ಲ. ಯಾಕಕ್ಕ ಎರಡು ಚಾಚುಗಳ ನಡುವಿನ ಕಂಬವನ್ನು ಅಂಗೈಯಿಂದ ಸವರುತ್ತ ಹೋದಳು. ಸೊಂಟದೆತ್ತರದಲ್ಲಿ ಅವಳ ಕೈ ನಿಂತಿತು. ಕಂಬದ ಅಂಚು ಅಲ್ಲಿಂದ ಮೇಲಕ್ಕೆ ಕೂದಲೆಳೆಯಷ್ಟು ತೆಳುವಾಗಿತ್ತು. ಇನ್ನೂ ಮೇಲೆ ಹೋದರೆ ಮತ್ತೆ ದಪ್ಪ. ಉಜ್ಜಿ ಬಣ್ಣ ಕೆರೆದಾಗ ಕಂಬದ ಸುತ್ತಲೂ ಬೆಸುಗೆಯ ಪಟ್ಟಿಯೊಂದು ಕಾಣಿಸಿತು. ಮೇಲೆಯೂ ಅಂಥದ್ದೇ ಇನ್ನೊಂದು. ಅಂದರೆ ಅದು ಒಂದು ಕಂಬವಲ್ಲ. ಮೂರು ತುಂಡು ಸೇರಿಸಿ ಮಾಡಿದ ಕಂಬ. ಹದಿನಾರೂ ಹಾಗೆಯೇ.

ಸಂಜೆ ಮಾಲಕಿಯ ಕಡೆಯಿಂದ ಪರೀಕ್ಷೆಯ ಎಂಜಿನಿಯರ್ ಬಂದ. ಮಿತಭಾಷಿ, ಜೇಬಿನಲ್ಲಿ ಸದಾ ಬ್ಯಾಟರಿ. ಬೆಸುಗೆಯ ಪಟ್ಟಿಗೆ ಬೆಳಕು ಬಿಟ್ಟು ನೋಡಿ ತಲೆಯಾಡಿಸಿದ.

“ನಡುವೆ ತುಂಡು ಸೇರಿಸಿದಾರೆ. ಯಾಕೆ, ಯಾವಾಗ, ಯಾರು, ಒಂದೂ ಗೊತ್ತಿಲ್ಲ. ಬಹುಶಃ ಗುಜರಿ ಕಂಬ ಅಂಟಿಸಿ ಕಟ್ಟಿದಾರೆ. ಇಂಥದ್ದನ್ನ ಇನ್ನೊಂದು ಕಡೆ ನಿಲ್ಲಿಸೋಕೆ ನಾನು ಸಹಿ ಹಾಕಲ್ಲ.”

“ಗೊತ್ತಾದರೆ?” ಎಂದಳು ಯಾಕಕ್ಕ.

“ಗೊತ್ತಾದರೆ ಪರೀಕ್ಷೆ ಮಾಡಬಹುದು. ಏನನ್ನ ಪರೀಕ್ಷೆ ಮಾಡ್ತಿದೀನಿ ಅಂತ ಮೊದಲು ನನಗೆ ತಿಳೀಬೇಕಲ್ವಾ? ಶನಿವಾರದವರೆಗೆ ಕಾಯ್ತೀನಿ. ಆಮೇಲೆ ಎಲ್ಲಾ ಗುಜರಿಗೆ.”

ಯಜಮಾನರಿಗೆ ಸುದ್ದಿ ಮುಟ್ಟಿದಾಗ ಅವರು ಫೋನಿನಲ್ಲೇ ನಿಟ್ಟುಸಿರುಬಿಟ್ಟರು. “ನಿನಗೆ ಅಳತೆ ತಗೋ ಅಂದಿದ್ದೆ, ಕೆರಿ ಅಂದಿರಲಿಲ್ಲ.”

ಯಾಕಕ್ಕನ ಗಂಡ ಗಡಿಯಾರ ರಿಪೇರಿ ಮಾಡುವವನು. ಮನೆಯ ಮುಂದಿನ ಕೋಣೆಯೇ ಅವನ ಅಂಗಡಿ. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಅವನು ಕೂದಲಿಗಿಂತ ಸಣ್ಣ ಸ್ಕ್ರೂಗಳ ಜೊತೆ ಗುದ್ದಾಡುತ್ತಿದ್ದರೆ, ಅವಳು ಎದುರಿನ ಸ್ಟೂಲಿನಲ್ಲಿ ಕೂತು ಟನ್ನುಗಟ್ಟಲೆ ತೂಕದ ಕಂಬಗಳ ಕಥೆ ಹೇಳುತ್ತಿದ್ದಳು. ಹೀಗೆ ಇಪ್ಪತ್ತೆರಡು ವರ್ಷದಿಂದ ಅವರ ಸಂಸಾರ ನಡೆದಿತ್ತು. ಅಂದೂ ಅವಳು ಎಲ್ಲವನ್ನೂ ಒಪ್ಪಿಸಿದಳು.

“ಇನ್ನೊಂದಿದೆ ನೋಡಿ. ಕಂಬದ ಒಳಮೈ ಕಡೆ, ಬಣ್ಣ ತಾಗದ ಸಂದಿಯಲ್ಲಿ, ನೀಲಿ ಶಾಯಿಯಲ್ಲಿ ಗೆರೆ ಎಳೆದಿದಾರೆ. ನಾಲ್ಕು ನಾಲ್ಕು ಗೆರೆ ಒಂದೊಂದು ಗುಂಪು. ಕೆಳಗಿಂದ ಸೊಂಟದ ಹತ್ತಿರದವರೆಗೆ ಒತ್ತೊತ್ತಾಗಿ. ಮೂಟೆ ಎಣಿಸಿದ್ದು ಅಂದ್ಕೊಂಡೆ. ಆದರೆ ಮೂಟೆನ ಯಾರಾದ್ರೂ ನಾಲ್ಕರ ಲೆಕ್ಕದಲ್ಲಿ ಎಣಿಸ್ತಾರಾ? ಐದೈದು ಎಣಿಸ್ತಾರೆ.”

ಗಂಡ ತಲೆ ಎತ್ತಲಿಲ್ಲ. ಅವನ ಕೈಯಲ್ಲಿದ್ದ ಸಣ್ಣ ತಿರುಪುಳಿ ಸ್ವಲ್ಪ ತಿರುಗಿತು, ನಿಂತಿತು, ಬೆರಳು ಹಿಡಿತ ಬದಲಿಸಿತು, ಮತ್ತೆ ಸ್ವಲ್ಪ ತಿರುಗಿತು.

“ಅದ್ಯಾಕೆ ನಿಲ್ಲಿಸಿ ನಿಲ್ಲಿಸಿ ತಿರುಗಿಸ್ತೀರಿ?” ಎಂದು ಅವಳು ಕೇಳಿದಳು.

“ಒಂದೇ ಸಲಕ್ಕೆ ಪೂರ್ತಿ ಸುತ್ತು ಮಣಿಕಟ್ಟು ತಿರುಗಲ್ಲವಲ್ಲೆ. ಕಾಲು ಕಾಲು ಸುತ್ತು. ನಾಲ್ಕು ಸಲ ಆದರೆ ಒಂದು…”

ಅವನ ಮಾತು ಅಲ್ಲಿಗೇ ನಿಂತಿತು. ಭೂತಗನ್ನಡಿ ತೆಗೆದು ಅವಳ ಮುಖ ನೋಡಿದ. ಇಬ್ಬರಿಗೂ ಒಟ್ಟಿಗೆ ಹೊಳೆದಿತ್ತು.

ಮರುದಿನ ಬೆಳಿಗ್ಗೆ ಯಾಕಕ್ಕ ಮೊದಲನೇ ಕಂಬದ ಮುಂದೆ ಗೋಣಿ ಹಾಸಿಕೊಂಡು ಕೂತು ಗೆರೆಗಳನ್ನು ಎಣಿಸಿದಳು. ಅತ್ತ ಎರಡನೆಯದನ್ನು ಉದ್ದಣ್ಣ ಎಣಿಸಿದ. ಅವಳಿಗೆ ನಾನೂರ ಮೂವತ್ತೆರಡು ಸಿಕ್ಕಿತು. ಅವನಿಗೆ ನಾನೂರ ಮೂವತ್ತು.

“ಮತ್ತೆ ಎಣಿಸು.”

“ಅಕ್ಕ, ಎರಡು ಗೆರೆಗೆ…”

“ಎಣಿಸೋ ಮಾರಾಯ.”

ಎರಡನೇ ಸಲ ಅವನಿಗೂ ನಾನೂರ ಮೂವತ್ತೆರಡೇ ಬಂತು. ಹಳೆಯ ದೊಡ್ಡ ಜಾಕುಗಳು ಒಂದು ಪೂರ್ತಿ ಸುತ್ತಿಗೆ ಅರ್ಧ ಅಂಗುಲ ಏಳುತ್ತವೆಂದು ಉದ್ದಣ್ಣನಿಗೆ ನೆನಪಿತ್ತು. ಅಂಥದ್ದೊಂದು ಶೆಡ್ಡಿನ ಮೂಲೆಯಲ್ಲಿ ಇನ್ನೂ ಬಿದ್ದಿತ್ತು. ಕಾಲು ಸುತ್ತಿಗೆ ಅಂಗುಲದ ಎಂಟನೇ ಒಂದು ಪಾಲು. ಹಳೇ ಕೆಲಸಗಾರರ ಬಾಯಲ್ಲಿ ಅದಕ್ಕೆ ಒಂದು ನೂಲು ಎಂದು ಹೆಸರು. ನಾನೂರ ಮೂವತ್ತೆರಡು ನೂಲು ಅಂದರೆ ಐವತ್ತನಾಲ್ಕು ಅಂಗುಲ, ನಾಲ್ಕೂವರೆ ಅಡಿ.

ಯಾಕಕ್ಕ ಟೇಪು ಹಿಡಿದು ಕಂಬದ ನಡುವಿನ ತುಂಡನ್ನು ಅಳೆದಳು. ಸರಿಯಾಗಿ ಐವತ್ತನಾಲ್ಕು ಅಂಗುಲ.

ಅವಳು ತಲೆ ಎತ್ತಿ ಚಾವಣಿ ನೋಡಿದಳು. ಗೋಡೆಯ ಇಟ್ಟಿಗೆ ಮುಗಿದಲ್ಲಿಂದ ಮೇಲೆ ತಗಡಿನ ಪಟ್ಟಿಯೊಂದು ಗೋದಾಮಿನ ಸುತ್ತಲೂ ಓಡಿತ್ತು. ಅದರ ಅಗಲವೂ ಹೆಚ್ಚುಕಡಿಮೆ ನಾಲ್ಕೂವರೆ ಅಡಿಯೇ.

“ಉದ್ದಣ್ಣ, ಇವರು ಗುಜರಿ ಅಂಟಿಸಿದ್ದಲ್ಲ ಕಣೋ. ನಿಂತಿದ್ದ ಕಟ್ಟಡದ ಕಂಬಗಳನ್ನ ಕೊಯ್ದು ಇಡೀ ಚಾವಣಿನ ಹಾಗೇ ಮೇಲಕ್ಕೆ ಎತ್ತಿದಾರೆ! ಕಂಬಕ್ಕೆ ಎರಡು ಜಾಕು. ಮೂವತ್ತೆರಡು ಜಾಕು, ಒಟ್ಟಿಗೆ.”

ಉದ್ದಣ್ಣ ಟೇಪು ಕಿತ್ತುಕೊಂಡು ಆ ತುಂಡನ್ನು ತಾನೇ ಇನ್ನೊಮ್ಮೆ ಅಳೆದ.

ಆ ದಿನವೆಲ್ಲ ಅವರು ಉಳಿದ ಕಂಬಗಳನ್ನು ಎಣಿಸಿದರು. ಎಲ್ಲದರಲ್ಲೂ ಅದೇ ಸಂಖ್ಯೆ. ಹನ್ನೊಂದನೇ ಕಂಬ ಒಂದು ಬಿಟ್ಟು. ಅಲ್ಲಿ ಗೆರೆ ನಾನೂರ ಮೂವತ್ತೊಂದು. ನಾಲ್ಕು ಸಲ ಎಣಿಸಿದರೂ ಅಷ್ಟೇ. ಕೊನೆಯ ಗುಂಪಿನಲ್ಲಿ ಮೂರೇ ಗೆರೆ. ನಡುವಿನ ತುಂಡನ್ನು ಅಳೆದರೆ ಅದೂ ಒಂದು ನೂಲು ಗಿಡ್ಡ. ಯಾರೋ ಅಷ್ಟನ್ನು ಅರದಿಂದ ತಿಕ್ಕಿ ಕಡಿಮೆ ಮಾಡಿ ಕೂರಿಸಿದ್ದರು. ಎಣಿಕೆ ತಪ್ಪಿದ್ದರೆ ಗೆರೆ ತಪ್ಪಬೇಕಿತ್ತು, ತುಂಡಲ್ಲ. ತುಂಡೂ ಗಿಡ್ಡವೆಂದರೆ ಇಲ್ಲಿ ಒಂದು ಕಾಲು ಸುತ್ತು ನಿಜವಾಗಿಯೂ ನಡೆದಿರಲಿಲ್ಲ. ಮೂವತ್ತು ಜಾಕು ತಿರುಗಿವೆ, ಎರಡು ತಿರುಗಿಲ್ಲ. ಯಾಕೆ?

ಮಾಲಕಿಗೆ ಫೋನು ಮಾಡಿದಳು. “ನಾನು ಈ ಮನೆಗೆ ಸೊಸೆಯಾಗಿ ಬರೋ ಮುಂಚಿನ ಮಾತು ಅದು,” ಎಂದರು ಆಕೆ. “ನಮ್ಮ ಮಾವ ಒಂದೊಂದ್ಸಲ ‘ನಮ್ಮ ಗೋದಾಮು ಬೆಳೆದ ಹುಡುಗಿ’ ಅಂತಿದ್ರು. ಏನೋ ಪ್ರೀತಿಗೆ ಹೇಳ್ತಾರೆ ಅಂದ್ಕೊಂಡಿದ್ದೆ.”

ಇನ್ನು ಉಳಿದದ್ದು ಶಾಯಿ. ಉಕ್ಕಿನ ಕೆಲಸದವರು ಸೀಮೆಸುಣ್ಣ ಹಿಡಿಯುತ್ತಾರೆ, ಬಣ್ಣ ಹಿಡಿಯುತ್ತಾರೆ. ನೀಲಿ ಶಾಯಿ ಹಿಡಿಯುವುದಿಲ್ಲ. ಅಂಥ ಶಾಯಿಯಲ್ಲಿ ಗೋಣಿಚೀಲದ ಮೇಲೆ ನಂಬರು ಬರೆಯುತ್ತಿದ್ದರು. ಬರೆಯುತ್ತಿದ್ದವರು ಚೀಲದ ಬಾಯಿ ಹೊಲಿಯುವ ಹೆಂಗಸರು. ಹೊಲಿಗೆ ಯಂತ್ರ ಬಂದ ಮೇಲೆ ಅವರಲ್ಲಿ ಹಲವರು ಟಾರ್ಪಾಲಿನ್ ಅಂಗಡಿಗಳ ಕಡೆ ಹೋದರೆಂದು ಗೋದಾಮಿನ ಕಾವಲುಗಾರ ಹೇಳಿದ. ಶುಕ್ರವಾರ ಯಾಕಕ್ಕ ಟಾರ್ಪಾಲಿನ್ ಅಂಗಡಿಗಳ ಬೀದಿಯನ್ನು ಒಂದು ತುದಿಯಿಂದ ಹಿಡಿದಳು. ಮೊದಲ ಅಂಗಡಿಯವನು ಅವಳಿಗೆ ಟಾರ್ಪಾಲಿನ್ ಮಾರಲು ನೋಡಿದ. ಎರಡನೆಯವನು ಹುಚ್ಚಿಯೆಂದುಕೊಂಡ. ಐದನೆಯ ಅಂಗಡಿಯಲ್ಲಿ ಲಾರಿಯ ಹೊದಿಕೆಯೊಂದು ನೆಲದ ತುಂಬ ಹರಡಿತ್ತು. ಅದರ ನಡುವೆ ಕೂತು, ಮೂವರು ಹೆಂಗಸರನ್ನು ಗದರಿಸುತ್ತ, ತಾನೂ ಹೊಲಿಯುತ್ತಿದ್ದ ಒಬ್ಬ ಮುದುಕಿ ಕಾಣಿಸಿದಳು. ಎಲ್ಲರೂ ಅವಳನ್ನು ಸೂಜಿಯಜ್ಜಿ ಎನ್ನುತ್ತಿದ್ದರು. ಅಂಗಡಿ ಅವಳದೇ; ಮಗಳು ಮುಂದೆ ವ್ಯಾಪಾರ ನೋಡಿಕೊಳ್ಳುತ್ತಿದ್ದಳು.

“ಅಜ್ಜಿ, ಹಳೇ ಧಾನ್ಯದ ಗೋದಾಮಿನಲ್ಲಿ ಕಂಬದ ಮೇಲೆ ನೀಲಿ ಗೆರೆ…”

ಅಜ್ಜಿಯ ಸೂಜಿ ನಿಂತಿತು.

“ಎಷ್ಟನೇ ಕಂಬ?”

“ಬಾಗಿಲ ಕಡೆಯಿಂದ ಎಣಿಸಿದರೆ ಹನ್ನೊಂದು.”

“ನಾನೂರ ಮೂವತ್ತೊಂದು,” ಎಂದಳು ಅಜ್ಜಿ. “ಕೂತ್ಕೋ ಮಗಳೇ. ಹೊದಿಕೆ ತುಳೀಬೇಡ.”

ಆಗ ಅಜ್ಜಿಗೆ ಇಪ್ಪತ್ತೆರಡು ವರ್ಷವಂತೆ. ಮೂಟೆಗಳನ್ನು ಎತ್ತರಕ್ಕೆ ಪೇರಿಸುವ ಹೊಸ ಯಂತ್ರವೊಂದನ್ನು ಗೋದಾಮಿನ ಯಜಮಾನರು ತರಿಸಿದ್ದರು. ಯಂತ್ರ ಬಂತು, ಅದರ ತಲೆ ಚಾವಣಿಗೆ ತಾಗಿತು. ಚಾವಣಿ ಕಿತ್ತು ಮತ್ತೆ ಕಟ್ಟೋಣವೆಂದರೆ ಒಳಗೆ ಸುಗ್ಗಿಯ ಧಾನ್ಯ ತುಂಬಿತ್ತು, ಹೊರಗಿಡಲು ಜಾಗವಿಲ್ಲ. ಆಗ ಹಡಗು ಕಟ್ಟುವಲ್ಲಿ ದುಡಿದು ಬಂದ ಮೇಸ್ತ್ರಿಯೊಬ್ಬ, ಧಾನ್ಯ ಅಲ್ಲೇ ಇರಲಿ, ಚಾವಣಿಯನ್ನೇ ಎತ್ತುತ್ತೇನೆ ಎಂದ.

“ಮೊದಲ ದಿನ ಮೂವತ್ತೆರಡು ಜನ ಗಂಡಸರನ್ನ ನಿಲ್ಲಿಸಿದ. ಸೀಟಿ ಊದಿದಾಗ ಒಂದು ಕಾಲು ಸುತ್ತು ತಿರುಗಿಸಿ, ನಿಲ್ಲಿಸಿ ಅಂದ. ಅವರು ಕೇಳ್ತಾರಾ? ನಾನು ಮುಂದೆ, ತಾನು ಮುಂದೆ! ಪಕ್ಕದವನಿಗಿಂತ ಬೇಗ ತಿರುಗಿಸಿ ಮೀಸೆ ತಿರುವೋದು. ಮಧ್ಯಾಹ್ನದೊಳಗೆ ಒಂದು ಮೂಲೆ ಎರಡು ಬೆರಳು ಮೇಲೆ ಹೋಯ್ತು. ತಗಡೆಲ್ಲ ಕಿರ್ರೋ ಅಂತ ಕಿರುಚಿಕೊಳ್ತು. ಮೇಸ್ತ್ರಿ ಎಲ್ಲರನ್ನೂ ನಿಲ್ಲಿಸಿ, ಇಳಿಸಿ, ಸಮ ಮಾಡಿ, ತಲೆ ಮೇಲೆ ಕೈ ಹೊತ್ತು ಕೂತ.”

ಹೊಲಿಯುವ ಹೆಂಗಸರು ಅಲ್ಲೇ ಗೋಡೆಯುದ್ದಕ್ಕೂ ಸಾಲಾಗಿ ಕೂತು ಕೆಲಸ ಮಾಡುತ್ತಿದ್ದರು. ಸಾಲು ಇಕ್ಕಟ್ಟು, ಸೂಜಿ ಗೇಣುದ್ದ; ಎಲ್ಲರ ಕೈಯೂ ಒಟ್ಟಿಗೆ ಮೇಲೇಳದಿದ್ದರೆ ಪಕ್ಕದವಳ ಕಣ್ಣಿಗೇ ತಿವಿಯುತ್ತಿತ್ತು. ಅದಕ್ಕೇ ಅವರು ಬಾಯಲ್ಲಿ ಎಣಿಸುತ್ತ ಒಂದೇ ತಾಳಕ್ಕೆ ಹೊಲಿಯುತ್ತಿದ್ದರು. ಮೇಸ್ತ್ರಿ ಅದನ್ನು ಬಹಳ ಹೊತ್ತು ನೋಡಿದ. ಎದ್ದು ಬಂದು ಕೇಳಿದ: “ನೀವು ತಿರುಗಿಸ್ತೀರೇನಮ್ಮ?”

“ಗಂಡಸರು ನಕ್ಕರು. ಮೂರನೇ ದಿನಕ್ಕೆ ನಗು ನಿಂತಿತು,” ಎಂದಳು ಅಜ್ಜಿ. “ದಿನಕ್ಕೆ ನಲವತ್ತೆಂಟು ಸೀಟಿ. ಆರು ಅಂಗುಲ. ಒಂಬತ್ತು ದಿನ. ಪ್ರತಿ ಸೀಟಿಗೂ ಒಂದು ಗೆರೆ ಹಾಕಿ ಅಂದಿದ್ದ, ನಮ್ಮ ಶಾಯಿ ಡಬ್ಬಿನೇ ಇತ್ತಲ್ಲ. ಹನ್ನೊಂದನೇ ಕಂಬಕ್ಕೆ ಈ ಕಡೆ ನಾನು, ಆ ಕಡೆ ನನ್ನ ನಾದಿನಿ.”

“ಮತ್ತೆ ಕೊನೇ ಗೆರೆ?”

ಅಜ್ಜಿ ಹೊದಿಕೆಯ ಅಂಚನ್ನು ಎತ್ತಿ ದಾರವನ್ನು ಯಾಕಕ್ಕನ ಕೈಗೆ ಕೊಟ್ಟಳು. “ಎಳಿ. ಬಿಗಿ ಬರತ್ತಲ್ಲ? ಹೊಲಿಯೋವಾಗ ಒಂದೊಂದ್ಸಲ ದಾರ ಒಮ್ಮೆಲೇ ಹಗುರ ಬಂದುಬಿಡತ್ತೆ. ತಿಳೀದವಳು ಖುಷಿಪಡ್ತಾಳೆ, ಸಲೀಸಾಯ್ತು ಅಂತ. ತಿಳಿದವಳು ಕೈ ನಿಲ್ಲಿಸ್ತಾಳೆ. ಹಗುರ ಬಂತು ಅಂದ್ರೆ ಹಿಂದೆ ಎಲ್ಲೋ ಹರಿದಿದೆ ಅಂತ ಅರ್ಥ.”

ಒಂಬತ್ತನೇ ದಿನ, ನಲವತ್ತೇಳನೇ ಸೀಟಿಗೆ, ಜಾಕು ತಿರುಗಿಸುವ ಅವಳ ಕೈಯ ಸಲಾಕೆ ಹಾಗೆ ಹಗುರವಾಯಿತು. ಇನ್ನು ಒಂದೇ ಸೀಟಿ ಬಾಕಿ. ಗೋದಾಮಿನ ಯಜಮಾನರು, ಅವರ ಮನೆಮಂದಿಯೆಲ್ಲ ಬಾಗಿಲಲ್ಲಿ ನೋಡುತ್ತ ನಿಂತಿದ್ದರು. ಸೀಟಿ ಕೂಗಿತು. ಮೂವತ್ತು ಸಲಾಕೆ ತಿರುಗಿದವು. ಇವಳು ಕೈ ತೆಗೆದಳು. ಅದನ್ನು ನೋಡಿ ನಾದಿನಿಯೂ ತೆಗೆದಳು.

“ಮೇಸ್ತ್ರಿ ಮತ್ತೆ ಊದಿದ. ನಾನು ಮುಟ್ಟಲಿಲ್ಲ. ಹತ್ತಿರ ಬಂದು ಕೂಗಾಡಿದ: ‘ತಿರುಗ್ತಿಲ್ವಾ?’ ಅಂತ. ‘ತಿರುಗತ್ತೆ, ನಾನು ತಿರುಗಿಸಲ್ಲ’ ಅಂದೆ. ಇಷ್ಟು ಜನರ ಮುಂದೆ ಮಾತು ಕೇಳ್ದೇ ಇದ್ದರೆ ನಾಳೆಯಿಂದ ಬರಬೇಡ ಅಂದ. ‘ಬರಲ್ಲ ಬಿಡಿ, ಮೊದಲು ಮೇಲೆ ಹತ್ತಿ ನೋಡಿ’ ಅಂದೆ. ಹೆದರಿಕೆಗೆ ನನ್ನ ಹಲ್ಲು ಕಟಕಟ ಅಂತಿತ್ತು ಕಣೆ, ಆದರೆ ಬಾಯಿ ಮಾತ್ರ ಗಟ್ಟಿ.”

ಮೇಸ್ತ್ರಿ ಸಿಟ್ಟಿನಿಂದಲೇ ಏಣಿ ಹತ್ತಿದ. ಇಳಿದು ಬಂದಾಗ ಅವನ ಮುಖ ಸುಣ್ಣದ ಹಾಗಿತ್ತು. ಮೇಲಿನ ಚಾಚಿನ ಬೆಸುಗೆ ಅರ್ಧದವರೆಗೆ ಬಿರುಕು ಬಿಟ್ಟಿತ್ತು. ಇನ್ನೊಮ್ಮೆ ತಿರುಗಿಸಿದ್ದರೆ ಚಾಚು ಕಿತ್ತು ಬರುತ್ತಿತ್ತು. ಅದರ ಪಾಲಿನ ಭಾರ ಪಕ್ಕದ ಕಂಬಗಳ ಮೇಲೆ ಬಿದ್ದು ಏನಾಗುತ್ತಿತ್ತೋ. ಕೆಳಗೆ ಮೂವತ್ತೆರಡು ಹೆಂಗಸರು. ಅವನು ಒಂದು ಚೊಂಬು ನೀರು ಕುಡಿದು, ಬೇಗಬೇಗನೆ ಕಂಬ ಕೊಯ್ದ ಸಂದಿಗೆ ಉಕ್ಕಿನ ಪಟ್ಟಿಗಳನ್ನು ತುರುಕಿಸಿದ. ಆ ಕಂಬ ಇನ್ನು ಒಂದು ನೂಲೂ ಏಳುವುದು ಬೇಡ, ತುಂಡನ್ನೇ ಗಿಡ್ಡ ಮಾಡಿ ಎಂದ.

“ಮರುದಿನ ಕೆಲಸಕ್ಕೆ ಹೋದ್ರಾ?”

“ಹೋಗದೆ? ಅವನೇ ಮನೆಗೆ ಬಂದು ಕರೆದ. ಕ್ಷಮಿಸು ಅಂತ ಮಾತ್ರ ಬಾಯಿಬಿಟ್ಟು ಹೇಳಲಿಲ್ಲ. ‘ಹೇಗೆ ಗೊತ್ತಾಯ್ತು’ ಅಂತ ಕೇಳಿದ. ದಾರ ಎಳೆದು ತೋರಿಸಿದೆ. ಅವನಿಗೆ ಅರ್ಥ ಆಯ್ತು.”

ಯಾಕಕ್ಕ ಅಲ್ಲಿಂದ ನೇರ ಗೋದಾಮಿಗೆ ಓಡಿದಳು. ಉದ್ದಣ್ಣ ಏಣಿ ಹತ್ತಿ ಹನ್ನೊಂದನೇ ಕಂಬದ ಮೇಲಿನ ಚಾಚಿನ ಬಣ್ಣ ಕೆರೆದ. ಮೂರು ಪದರ ಬಣ್ಣ ಹೋದ ಮೇಲೆ ಬೆಸುಗೆಯ ನಡುವೆ ಕಪ್ಪು ಬಾಯೊಂದು ತೆರೆದುಕೊಂಡಿತು. ಅವನು ಅದರೊಳಕ್ಕೆ ಹೆಬ್ಬೆರಳಿನ ಉಗುರು ತೂರಿಸಿದ. “ಇದೆ ಅಕ್ಕ!” ಎಂದು ಕೂಗಿದ ದನಿ ಖಾಲಿ ಗೋದಾಮಿನಲ್ಲಿ ಎರಡು ಸಲ ಕೇಳಿಸಿತು.

ಶನಿವಾರ ಪರೀಕ್ಷೆಯ ಎಂಜಿನಿಯರ್ ಬಂದಾಗ ಯಾಕಕ್ಕ ನಕ್ಷೆ ಬರೆದು ಮುಗಿಸಿದ್ದಳು. ಎಲ್ಲಿ ಕೊಯ್ದರು, ಎಷ್ಟು ಎತ್ತಿದರು, ಯಾವ ತುಂಡು ಕೂರಿಸಿದರು, ಒಂದೂ ಬಿಟ್ಟಿರಲಿಲ್ಲ. ಅವನು ಅದನ್ನು ನಿಂತೇ ಓದಿದ. ಆಮೇಲೆ ಮೂಟೆ ಇಳಿಸುವ ಕಟ್ಟೆಯ ಮೇಲೆ ಕೂತು ಇನ್ನೊಮ್ಮೆ ಓದಿದ. ಹನ್ನೊಂದನೇ ಕಂಬದ ಹತ್ತಿರ ಹೋಗಿ ಗೆರೆಗಳನ್ನು ತಾನೇ ಎಣಿಸತೊಡಗಿದ. ನೂರರ ಹತ್ತಿರ ತಪ್ಪಿ ಮತ್ತೆ ಮೊದಲಿಂದ ಶುರುಮಾಡಿದಾಗ ಉದ್ದಣ್ಣ ಮುಖ ತಿರುಗಿಸಿ ನಕ್ಕ.

“ಸರಿ, ಈಗ ಪರೀಕ್ಷೆ ಮಾಡಬಹುದು,” ಎಂದ ಎಂಜಿನಿಯರ್. ಉಕ್ಕಿನೊಳಕ್ಕೆ ಶಬ್ದ ಕಳಿಸಿ ಬಿರುಕು ಹುಡುಕುವ ಯಂತ್ರ ತಂದಿದ್ದ. ಮೂವತ್ತೆರಡು ಬೆಸುಗೆಗಳಲ್ಲಿ ಇಪ್ಪತ್ತೊಂಬತ್ತು ಗಟ್ಟಿಯಾಗಿದ್ದವು. ಮೂರನ್ನು ಕೊಯ್ದು ಹೊಸದಾಗಿ ಹಾಕಬೇಕೆಂದ. ಸಹಿ ಹಾಕಿದ.

ಪರೀಕ್ಷೆ ನೋಡಲು ಸೂಜಿಯಜ್ಜಿಯೂ ಮಗಳ ಜೊತೆ ಬಂದಿದ್ದಳು. ಅವಳು ತನ್ನ ಗೆರೆಗಳನ್ನು ಒಮ್ಮೆ ಮುಟ್ಟಿದಳು, ಅಷ್ಟೇ. ಅವಳ ಗಮನವೆಲ್ಲ ಬೇರೆಡೆಗಿತ್ತು.

“ಮಗಳೇ, ಒಂದು ಕೇಳ್ತೀನಿ. ಜಾಕು ಪೂರ್ತಿ ಎದ್ದ ಮೇಲೆ ಅದನ್ನ ಇಳಿಸಿ, ಕೆಳಗೆ ಮಣೆ ಕೊಟ್ಟು, ಮತ್ತೆ ಶುರು ಮಾಡ್ತಿದ್ದರಲ್ಲ, ಆ ಹೊತ್ತಲ್ಲಿ ಚಾವಣಿ ಎಲ್ಲಿ ಕೂತಿರ್ತಿತ್ತು?”

“ಕೊಯ್ದ ಸಂದಿಯಲ್ಲಿ ಪಟ್ಟಿ ಜೋಡಿಸ್ತಾ ಬರ್ತಾರೆ ಅಜ್ಜಿ. ಭಾರ ಅದರ ಮೇಲೆ. ನೀವು ನೋಡಿಲ್ವಾ?”

“ಕೊನೇ ದಿನ ಪಟ್ಟಿ ತುರುಕಿದ್ದೊಂದು ಕಂಡೆ, ಅಷ್ಟೇ. ಅದಕ್ಕೆ ಮುಂಚೆ ನೋಡೋಕೆ ಎಲ್ಲಿ ಬಿಡ್ತಿದ್ದ? ತಲೆ ಎತ್ತಿದರೆ ಎಣಿಕೆ ತಪ್ಪತ್ತೆ ಅಂತ ಕೈ ಮೇಲೇ ಕಣ್ಣಿಡಿಸ್ತಿದ್ದ. ಒಂಬತ್ತು ದಿನ ಚಾವಣಿ ಎತ್ತಿದೀನಿ, ಅದು ಏಳೋದನ್ನ ಒಂದ್ಸಲನೂ ಕಣ್ಣಾರೆ ನೋಡಲಿಲ್ಲ.”

ಕ್ರೇನು ಸೋಮವಾರ ಬಂತು. ಬಿಚ್ಚುವುದಕ್ಕೆ ಎರಡು ವಾರ, ಮೂರು ಬೆಸುಗೆಗಳನ್ನು ಸರಿಪಡಿಸಿ ಬಣ್ಣ ಹೊಡೆಯುವುದಕ್ಕೆ ಇನ್ನೆರಡು ವಾರ ಹಿಡಿಯಿತು. ಹನ್ನೊಂದನೇ ಕಂಬವನ್ನು ಏನು ಮಾಡುವುದೆಂದು ಯಜಮಾನರು ಕೇಳಿದಾಗ ಯಾಕಕ್ಕ, ತುಂಡನ್ನು ಮುಟ್ಟುವುದು ಬೇಡ, ಹೊಸ ಜಾಗದಲ್ಲಿ ಅದರ ಬುಡಕ್ಕೆ ಒಂದು ನೂಲು ದಪ್ಪದ ತಗಡು ಕೊಟ್ಟರೆ ಎಲ್ಲವೂ ಮಟ್ಟಕ್ಕೆ ಬರುತ್ತದೆಂದಳು. ನಕ್ಷೆಯಲ್ಲಿ ಹಾಗೆಯೇ ಬರೆದಳು. ಕೊಟ್ಟರು, ಬಂತು.

ಟ್ರಸ್ಸುಗಳನ್ನು ಏರಿಸುವ ದಿನ ಯಾಕಕ್ಕ ಅಜ್ಜಿಯನ್ನು ಕರೆಸಿ, ತಲೆಗೆ ಹೆಲ್ಮೆಟ್ ತೊಡಿಸಿ, ಕ್ರೇನಿನಿಂದ ದೂರದಲ್ಲಿ ಕುರ್ಚಿ ಹಾಕಿ ಕೂರಿಸಿದಳು. ಮೊದಲ ಟ್ರಸ್ಸಿನ ಎರಡೂ ತುದಿಗೆ ಹಗ್ಗ ಹಿಡಿದು ಇಬ್ಬರು ನಿಂತರು. ಕ್ರೇನು ಗುರುಗುಟ್ಟಿತು. ಟ್ರಸ್ಸು ನೆಲ ಬಿಟ್ಟು, ಕೊಂಚ ತೂಗಾಡಿ, ಸ್ಥಿಮಿತಕ್ಕೆ ಬಂದು, ಆಕಾಶದ ಎದುರು ಸರಾಗವಾಗಿ ಏರಿ ಕಂಬಗಳ ತಲೆಯ ಮೇಲೆ ಕೂತಿತು. ಮೇಲಿದ್ದ ಉದ್ದಣ್ಣ ಬೋಲ್ಟು ತೂರಿಸಿ ಕೈ ಬೀಸಿದ. ಎಂಟು ನಿಮಿಷವೂ ಆಗಿರಲಿಲ್ಲ.

“ಇಷ್ಟೇನಾ?” ಎಂದಳು ಅಜ್ಜಿ.

“ಇಷ್ಟೇ ಅಜ್ಜಿ.”

ಅಜ್ಜಿಗೆ ತುಸು ನಿರಾಶೆಯಾದಂತಿತ್ತು. ಆಮೇಲೆ ಕೈ ತೋರಿಸಿ, “ಅಷ್ಟು ಭಾರಕ್ಕೆ ಆ ಹಗ್ಗದವರು ಯಾವ ಲೆಕ್ಕ? ಅವರು ಯಾಕೆ ಹಿಡ್ಕೊಂಡಿದಾರೆ?” ಎಂದು ಕೇಳಿದಳು. ಗಾಳಿಗೆ ಟ್ರಸ್ಸು ತಿರುಗದಂತೆ ಎಂದು ಯಾಕಕ್ಕ ಹೇಳಿದಳು. ಎರಡನೇ ಟ್ರಸ್ಸು ಏರುವಾಗ ಅಜ್ಜಿ ಹಗ್ಗದವರ ಕೈಗಳನ್ನೇ ನೋಡಿದಳು. ಮೂರನೆಯದಕ್ಕೆ ಕ್ರೇನಿನವನಿಗೆ ದಾರಿ ತೋರುವವನ ಕೈ ಸನ್ನೆಗಳನ್ನು. ನಾಲ್ಕನೆಯದಾದ ಮೇಲೆ ಎಲ್ಲರೂ ಊಟಕ್ಕೆ ಹೋದರು. ಮಗಳು ಅಂಗಡಿಗೆ ಹೊತ್ತಾಯಿತೆಂದು ಅವಸರಪಡಿಸಿದಳು.

“ಇನ್ನೂ ನಾಲ್ಕು ಇದೆಯಲ್ಲೇ, ನೀನು ಹೋಗು,” ಎಂದು ಅಜ್ಜಿ ಕುರ್ಚಿಯನ್ನು ನೆರಳಿಗೆ ಎಳೆಸಿಕೊಂಡಳು.